ಮಹದಾಯಿಯ ಆ ತುದಿಯಲ್ಲಿ ನಾಲ್ಕು ದಿನ

ಮೊದಲ ದಿನ

ಭಾರತ ಹುಣ್ಣಿಮೆಗೆ ನಮ್ಮ ಓಣಿಯವರೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು. ನಾನೊಬ್ಬ ಹುಬ್ಬಳ್ಳಿಗೆ ಬಂದು ವಾಸ್ಕೋ ಗಾಡಿ ಹತ್ತಿದೆ. "ದೇವೀನ ಬಿಟ್ಟು ಸಮುದ್ರ ನೋಡಾಕ ಹೊಂಟಾನ ನೋಡ್ರಿ" ಅಂತ ಅವ್ವ ಬೈದಳು. ಬೈಯುತ್ತಲೇ ಚೀಲಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಕ್ಕನಿಗೆ ಅಂತ ಐದು ಕಿಲೋ ಹೊಸ ಕಡ್ಲಿ ತುಂಬಿದಳು.

ನಮ್ಮದು ನವಲಗುಂದದ ಕಡೆ. ಎರಿ ಹೊಲ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ಬೆಳೆ ಒಯ್ಯುತ್ತೆ, ಉಳಿದ ದಿನ ಕುಡಿಯೋಕೂ ಪರದಾಟ. 1980ರಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದು ಗುಂಡು ತಿಂದವರು ನರಗುಂದ, ನವಲಗುಂದದ ರೈತರು. ಆಮೇಲೆ ಮಹದಾಯಿಯ ಹಳ್ಳಗಳ ನೀರನ್ನು ಮಲಪ್ರಭಾಕ್ಕೆ ತಿರುಗಿಸೋ ಕಳಸಾ-ಬಂಡೂರಿ ಯೋಜನೆಯ ಮಾತು ಬಂತು. ಮಹದಾಯಿ ಅನ್ನೋ ಹೆಸರು ಕೇಳದೆ ಬೆಳೆದ ಕೂಸು ನಮ್ಮಲ್ಲಿ ಇಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳೋ ಮೇಷ್ಟ್ರು. ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ: "ಭೀಮಗಡದ ಕಾಡಿನಲ್ಲಿ ಹುಟ್ಟೋ ಈ ನೀರು ಗೋವಾ ದಾಟಿ ಸುಮ್ನೆ ಸಮುದ್ರಕ್ಕೆ ಹೋಗುತ್ತೆ." ಆ ನೀರು ಸಮುದ್ರ ಸೇರೋ ಜಾಗವನ್ನು ಮಾತ್ರ ನಾನು ನೋಡಿರಲಿಲ್ಲ.

ಕ್ಯಾಸಲ್‌ರಾಕ್ ದಾಟಿದ ಮೇಲೆ ಗಾಡಿ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತೆ. 37 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು ಇರೋ ಘಾಟ್ ಇದು. 310 ಮೀಟರ್ ಎತ್ತರದ ದೂಧಸಾಗರ ನೋಡೋಕೆ ಎಲ್ಲರೂ ಒಂದೇ ಕಿಟಕಿಗೆ ಮುಗಿಬಿದ್ದರು. ಫೆಬ್ರುವರಿ ಅಲ್ವಾ, ಕರಿ ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆ ಎಳೆದ ಹಾಗಿತ್ತು. ಎದುರು ಕೂತ ಹುಡುಗ "ಇಷ್ಟೇನಾ?" ಅಂದ. ಆ ಗೆರೆಗಳೂ ಖಾಂಡೇಪಾರ ನದಿ ಸೇರಿ, ಅಲ್ಲಿಂದ ಮಾಂಡವಿಗೆ ಹೋಗ್ತವೆ. ನಮ್ಮ ಮಹದಾಯಿಗೆ ಗೋವಾದಲ್ಲಿ ಕೆಳಗೆ ಬಂದ ಮೇಲಿನ ಹೆಸರು ಮಾಂಡವಿ.

ಅಕ್ಕನ ಮನೆ ಝುವಾರಿನಗರದಲ್ಲಿ. ಅಲ್ಲಿಯ ಜನರ ಬಾಯಲ್ಲಿ ಅದು "ಬಿರ್ಲಾ". ಬಸ್ಸಿಳಿದ ಕೂಡಲೇ ಜೋಳ ಬೀಸೋ ಗಿರಣಿ ಸದ್ದು, ಕನ್ನಡದ ಬೋರ್ಡು, ಬಾಗಲಕೋಟೆ ಕಡೆ ಮಾತು. ಗೋವಾಕ್ಕೆ ಬಂದಿದ್ದೇನೆ ಅನ್ನಿಸಲೇ ಇಲ್ಲ.

ಎರಡನೇ ದಿನ

ಮಾವ ಅಂದ್ರೆ ಅಕ್ಕನ ಗಂಡ. 30 ವರ್ಷದ ಹಿಂದೆ ಗೌಂಡಿ ಕೆಲಸಕ್ಕೆ ಬಂದವನು. ಈಗ ಕೊಂಕಣಿಯಲ್ಲಿ ಜಗಳ ಆಡುವಷ್ಟು ಗಟ್ಟಿ. ಬೆಳಿಗ್ಗೆ ಚಹಾ ಕುಡೀತಾ "ಅಳಿಯಾ, ಬೀಚ್ ಗೀಚ್ ಬ್ಯಾಡ. ನಿನಗ ಮಾನಸ್ ತೋರಸ್ತೀನಿ ಬಾ" ಅಂದ. ಮಾನಸ್ ಅಂದ್ರೆ ಯಾರೋ ಇವನ ದೋಸ್ತ್ ಇರಬೇಕು ಅಂದುಕೊಂಡೆ. ಅಕ್ಕ ನಕ್ಕಳು. ಮದುವೆಯಾದ ಹೊಸದರಲ್ಲಿ ಅವಳೂ ಹಾಗೇ ಅಂದುಕೊಂಡಿದ್ದಳಂತೆ. ರಾತ್ರಿ ಎದ್ದು "ಮಾನಸ್ ಹತ್ರ ಹೋಗಿ ಬರ್ತೀನಿ" ಅಂತ ಗಂಡ ಹೊರಟರೆ ಏನು ತಿಳ್ಕೋಬೇಕು?

ಪಣಜಿಯಿಂದ ಹಳೇ ಗೋವಾ ಬಸ್ಸು ರಿಬಂದರ್ ಕಡೆ ಹೋಗೋದು ಒಂದು ಉದ್ದ ಕಲ್ಲಿನ ಕಟ್ಟೆಯ ಮೇಲೆ. 1633-34ರಲ್ಲಿ ಪೋರ್ಚುಗೀಸರು ಕಟ್ಟಿಸಿದ್ದು, ಸುಮಾರು 3 ಕಿ.ಮೀ. ಒಂದು ಕಡೆ ನದಿ, ಇನ್ನೊಂದು ಕಡೆ ಹಳೇ ಉಪ್ಪಿನ ಆಗರಗಳು. ಮಡಿ ಕಟ್ಟಿದ ಗುರುತು ಇನ್ನೂ ಇದೆ, ಒಳಗೆ ಕಾಂಡ್ಲಾ, ಅಂದ್ರೆ ಉಪ್ಪು ನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡ ತುಂಬಿದೆ. ಬಸ್ಸಿನಲ್ಲಿ ಯಾರೂ ಆ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ನದಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳ ಮೇಲೆ.

ಹಳೇ ಗೋವಾದಲ್ಲಿ ವೈಸ್‌ರಾಯ್ ಕಮಾನು ದಾಟಿದರೆ ಫೆರಿ ಕಟ್ಟೆ. ದಿವಾಡಿ ದ್ವೀಪಕ್ಕೆ ಐದಾರು ನಿಮಿಷದ ದಾರಿ. ನಡೆದು ಬಂದ ನಮ್ಮನ್ನು ಯಾರೂ ದುಡ್ಡು ಕೇಳಲಿಲ್ಲ. ಆಚೆ ದಡದಲ್ಲಿ ಇಳಿದು ತಿರುಗಿ ನೋಡಿದರೆ ನದಿಯೇ ನಮ್ಮೂರ ಕೆರೆಗಿಂತ ಅಗಲ. ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ. ಉಪ್ಪು. ಥೂ ಅಂತ ಉಗುಳಿದೆ. ಮಾವ ಹೇಳಿದ, "ಇನ್ನೂ ಮ್ಯಾಲೆ ಹೋದ್ರೂ ಉಪ್ಪ ಐತಿ." ಬೇಸಿಗೆಯಲ್ಲಿ ನದಿಯ ಹರಿವು ಸಣ್ಣದಾದಾಗ ಸಮುದ್ರದ ನೀರು ಒಳಗೆ ಏರುತ್ತೆ. ಉಬ್ಬರದ ಏರಿಳಿತವಂತೂ ಗಾಂಜೆಂವರೆಗೆ, ಅಂದ್ರೆ ಸುಮಾರು 50 ಕಿ.ಮೀ. ಒಳಗೂ ಗೊತ್ತಾಗುತ್ತೆ.

ಮಾವ ಹಿಂದೆ ಒಂದು ಮನೆಯ ಮೆಟ್ಟಿಲು ರಿಪೇರಿ ಮಾಡಿದ್ದ. ಆ ಮನೆಯ ಯಜಮಾನರಿಗೆ 70 ದಾಟಿದೆ. ಊರೆಲ್ಲ ಅವರನ್ನು "ತೀವು" ಅನ್ನುತ್ತೆ, ಕಾಕಾ ಅಂದ ಹಾಗೆ. ನಾನೂ ಹಾಗೇ ಕರೆದೆ. ಊಟಕ್ಕೆ ಮೊದಲೇ ನಮ್ಮನ್ನು ಗದ್ದೆಗೆ ಎಬ್ಬಿಸಿಕೊಂಡು ಹೋದರು, "ನೀರು ಕಾಯೋದಿಲ್ಲ" ಅಂತ.

ಈ ಗದ್ದೆಗಳಿಗೆ ಖಾಜನ ಅಂತ ಹೆಸರು. ನದಿಯ ಉಪ್ಪು ನೀರು ಹರಡೋ ತಗ್ಗು ಜಾಗಕ್ಕೆ ಮಣ್ಣಿನ ಒಡ್ಡು ಕಟ್ಟಿ ಗದ್ದೆ ಮಾಡಿದ್ದು. ಗೋವಾದಲ್ಲಿ ಇಂಥ ಭೂಮಿ ಸುಮಾರು 18 ಸಾವಿರ ಹೆಕ್ಟೇರ್ ಇದೆ. ಉಬ್ಬರ ಬಂದಾಗ ನದಿಯ ನೀರು ಗದ್ದೆಗಿಂತ ಎತ್ತರಕ್ಕೆ ನಿಲ್ಲುತ್ತೆ. ಒಡ್ಡಿನ ಮೇಲೆ ನಿಂತರೆ ಅದು ಕಣ್ಣಿಗೇ ಕಾಣುತ್ತೆ. ಎಡಗಡೆ ನೀರು ಮೊಣಕಾಲಿನ ಹತ್ತಿರ, ಬಲಗಡೆ ಗದ್ದೆ ಆಳೆತ್ತರ ಕೆಳಗೆ. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಮ್ಮ ಕಡೆ ಒಡ್ಡು ಹಾಕೋದು ನೀರು ಹೊರಗೆ ಹೋಗದಿರಲಿ ಅಂತ. ಇಲ್ಲಿ ಒಳಗೆ ಬರದಿರಲಿ ಅಂತ.

ಒಡ್ಡಿನ ನಡುವೆ ಮಾನಸ್. ಅದು ಮನುಷ್ಯನಲ್ಲ, ತೂಬು. ಚಿರೆಕಲ್ಲಿನ ಗೋಡೆ, ಅದರಲ್ಲಿ ಮೂರು ಕಂಡಿ, ಪ್ರತಿ ಕಂಡಿಗೂ ಮರದ ಹಲಗೆಯ ಬಾಗಿಲು. ಹಲಗೆಗಳು ಕಪ್ಪಾಗಿ, ಅಂಚಿನಲ್ಲಿ ಪಾಚಿ ಹಿಡಿದು, ಕೆಳಭಾಗದಲ್ಲಿ ಚಿಪ್ಪು ಮೆತ್ತಿಕೊಂಡಿವೆ. ಬಾಗಿಲು ನದಿಯ ಕಡೆಗೆ ಮಾತ್ರ ತೆರೆಯುತ್ತೆ. ಉಬ್ಬರದಲ್ಲಿ ನದಿ ನೀರು ಹೊರಗಿನಿಂದ ಒತ್ತುತ್ತೆ, ಬಾಗಿಲು ಗಪ್ಪನೆ ಮುಚ್ಚಿಕೊಳ್ಳುತ್ತೆ. ಇಳಿತದಲ್ಲಿ ನದಿ ತಗ್ಗುತ್ತೆ, ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತೆ. ಮೋಟಾರಿಲ್ಲ, ಕರೆಂಟಿಲ್ಲ, ತಿರುಗಿಸೋ ಚಕ್ರ ಇಲ್ಲ. ನೀರೇ ಬಾಗಿಲು ಹಾಕುತ್ತೆ, ನೀರೇ ತೆಗೆಯುತ್ತೆ, ದಿನಕ್ಕೆ ಎರಡೆರಡು ಸಲ.

ನಾವು ಹೋದಾಗ ಹನ್ನೆರಡು ಗಂಟೆ. ಬಾಗಿಲು ಬಿಗಿದಿತ್ತು, ಸಂದಿಯಿಂದ ಸಣ್ಣಗೆ ನೀರು ಚಿಮ್ಮುತ್ತಿತ್ತು. ಕೂತೆವು. ತೀವು ಬೀಡಿ ಹಚ್ಚಿದರು. ಒಂದು ಗಂಟೆ ಏನೂ ಇಲ್ಲ. ಎರಡಕ್ಕೆ ಚಿಮ್ಮೋದು ನಿಂತಿತು. ಎರಡೂಮುಕ್ಕಾಲಿಗೆ ನಡುವಿನ ಬಾಗಿಲು ನರಳಿತು, ಹಳೇ ಮನೆಯ ಕದದ ಹಾಗೆ. ಒಂದು ಬೆರಳು ಸಂದಿ ಬಿತ್ತು. ಆಮೇಲೆ ಅಂಗೈ ಅಗಲ. ಒಳಗಿನಿಂದ ಕೆಸರು ಬಣ್ಣದ ನೀರು ನುಗ್ಗಿತು, ಜೊತೆಗೆ ಒಣ ಎಲೆ, ಒಂದು ಚಪ್ಪಲಿ, ಒಂದು ಗುಟ್ಕಾ ಚೀಟಿ. ಅರ್ಧ ಗಂಟೆಯಲ್ಲಿ ಮೂರೂ ಬಾಗಿಲು ತೆರೆದು ಭೋರ್ ಅಂತ ಸದ್ದು. ಎಂಜಿನಿಯರಿಂಗ್ ಓದಿದ ನನ್ನ ತಮ್ಮನಿಗೆ ವಿಡಿಯೋ ಕಳಿಸಿದೆ. "ಫ್ಲಾಪ್ ವಾಲ್ವ್" ಅಂತ ಎರಡೇ ಪದ ಬರೆದ. ಅವನಿಗೆ ಯಾವುದೂ ದೊಡ್ಡದಲ್ಲ.

ಬಾಗಿಲಿನ ಒಳಗಡೆ ಆಳವಾದ ಹೊಂಡ, ಅದಕ್ಕೆ ಪೊಂಯ್ ಅಂತಾರೆ. ಸೋರಿ ಬಂದ ಉಪ್ಪು ನೀರು ನೇರ ಗದ್ದೆಗೆ ಹೋಗದೆ ಅಲ್ಲಿ ನಿಲ್ಲುತ್ತೆ. ಮೀನು, ಸಿಗಡಿ ಬೆಳೆಯೋದೂ ಅಲ್ಲೇ. ಈ ತೂಬಿನಲ್ಲಿ ಬಲೆ ಕಟ್ಟೋ ಹಕ್ಕನ್ನು ಹರಾಜು ಹಾಕ್ತಾರೆ.

ರಾತ್ರಿ ತೀವು ಮನೆಯ ಪಡಸಾಲೆಯಲ್ಲಿ ಮಲಗಿದೆವು. ಎರಡೂವರೆಗೆ ಮಾವ ಎಬ್ಬಿಸಿದ. ಹುಣ್ಣಿಮೆಯ ಮರುದಿನದ ಬೆಳದಿಂಗಳು, ಬ್ಯಾಟರಿ ಬೇಕಾಗಲೇ ಇಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಏರಿಳಿತ ಜಾಸ್ತಿ, ಎರಡು ಮೀಟರ್ ದಾಟುತ್ತೆ, ಹಾಗಾಗಿ ಮೀನೂ ಜಾಸ್ತಿ. ಇಬ್ಬರು ಹುಡುಗರು ಕಂಡಿಗೆ ಚೀಲದಂಥ ಬಲೆ ಕಟ್ಟಿದ್ದರು. ಬಾಗಿಲು ತೆರೆದ ಮೇಲೆ ಬಲೆ ಉಬ್ಬಿ ಎಮ್ಮೆ ಕರುವಿನ ಹಾಗೆ ಒದ್ದಾಡಿತು. ಎತ್ತಿ ಸುರಿದಾಗ ಸಿಗಡಿಗಳ ಕಣ್ಣು ಬೆಳದಿಂಗಳಲ್ಲಿ ಕೆಂಡದ ಚೂರಿನ ಹಾಗೆ ಹೊಳೆದವು. ನಾನು ಲಿಂಗಾಯತರ ಹುಡುಗ, ದೂರ ನಿಂತೆ. ಆದರೂ ನಾಲ್ಕು ಗಂಟೆಯವರೆಗೆ ಅಲ್ಲಿಂದ ಕದಲಲಿಲ್ಲ. ಬಲೆ ಕಟ್ಟಿದವರಲ್ಲಿ ಒಬ್ಬ ಗದಗದ ಹತ್ತಿರದವನು ಅಂತ ಗೊತ್ತಾಗಿದ್ದು, ಅವನು ಏಡಿ ಕಚ್ಚಿಸಿಕೊಂಡು ಬೈದಾಗ. ಅಷ್ಟು ಅಚ್ಚಗನ್ನಡ ಬೈಗುಳ ದ್ವೀಪದ ಮೇಲೆ ಕೇಳ್ತೀನಿ ಅಂತ ಎಣಿಸಿರಲಿಲ್ಲ.

ಮೂರನೇ ದಿನ

ನಾಷ್ಟಾಕ್ಕೆ ಪೇಜ್, ಅಂದ್ರೆ ಕುಚಲಕ್ಕಿ ಗಂಜಿ. ಜೊತೆಗೆ ಉಪ್ಪಿನಲ್ಲಿ ಊರಿದ ಮಾವಿನಕಾಯಿ. ನಮ್ಮ ರೊಟ್ಟಿ, ಶೇಂಗಾ ಚಟ್ನಿ ತೀವು ಮನೆಯವರಿಗೆ ಇಷ್ಟವಾಯಿತು. ಅವರು ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿಂದರು. ಸರಿಪಡಿಸೋಕೆ ಹೋಗಲಿಲ್ಲ.

ಗಂಜಿಯ ಅಕ್ಕಿ ಕೆಂಪು, ದಪ್ಪ. ಕೊರ್ಗುಟ್ ಅಂತ ಹೆಸರು. ತೀವು ಒಳಗಿನಿಂದ ಬೀಜದ ತೆನೆ ತಂದರು. ಒಂದೊಂದು ಕಾಳಿಗೂ ಉದ್ದ ಮೀಸೆ. ನಾನು ಅದನ್ನು ಮೊದಲೇ ನೋಡಿದ್ದೆ! ಕುಮಟಾದಲ್ಲಿ ತರಬೇತಿಗೆ ಹೋದಾಗ ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ತೋರಿಸಿದ್ದರು. ಅದೂ ಹೀಗೇ ಎತ್ತರ, ಹೀಗೇ ಮೀಸೆ, ಉಪ್ಪು ನೆಲದಲ್ಲೂ ಬರುತ್ತೆ. ಅಘನಾಶಿನಿಯ ಗಜನಿಗೂ ಮಾಂಡವಿಯ ಖಾಜನಕ್ಕೂ ಬದುಕು ಒಂದೇ. ಗೋವಾದ ಬಾಂದೋಡೆಯ ಆರನೇ ಶತಮಾನದ ತಾಮ್ರಪಟದಲ್ಲಿ "ಖಜ್ಜನ" ಅಂತ ಇದೆ. ಸಮುದ್ರದ ನೀರಿಗೆ ಒಡ್ಡು ಹಾಕಿ ಹೊಲ ಮಾಡಿಕೊಳ್ಳಲು ಕೊಟ್ಟ ದಾನ ಅದು. ಖಜ್ಜನ, ಖಾಜನ, ಗಜನಿ. ಕಿವಿಗೆ ಮೂರೂ ಒಂದೇ ಮನೆಯವು ಅನ್ನಿಸುತ್ತೆ, ಭಾಷೆ ಓದಿದವರು ಏನಂತಾರೋ.

ಕೊರ್ಗುಟ್ ಇಳುವರಿ ಕಡಿಮೆ. ಹಳೇ ಗೋವಾದ ಎಲಾದಲ್ಲಿರೋ ಕೃಷಿ ಸಂಶೋಧನಾ ಸಂಸ್ಥೆ ಅದರಿಂದಲೇ ಆರಿಸಿ "ಗೋವಾ ಧಾನ್" ಅಂತ ತಳಿ ಬಿಟ್ಟಿದೆ. ತೀವು ಎರಡನ್ನೂ ಹಾಕ್ತಾರೆ. ಅಡುಗೆಗೆ ಮಾತ್ರ ಹಳೇದೇ ಬೇಕು.

ಬಿಸಿಲು ಏರೋ ಮೊದಲು ಒಡ್ಡಿನ ಮೇಲೆ ಎರಡು ಮೈಲಿ ನಡೆದೆವು. ನೀರಿನಾಚೆ ಚೋಡಣದ ಸಲೀಂ ಅಲಿ ಪಕ್ಷಿಧಾಮ, ಎರಡು ಚದರ ಕಿ.ಮೀ. ಕೂಡ ಇಲ್ಲದ ಕಾಂಡ್ಲಾ ಕಾಡು. ಇತ್ತ ಒಂದು ಕಡೆ ಒಡ್ಡು ಒಡೆದು ಇಪ್ಪತ್ತು ಅಡಿ ಬಾಯಿ ಬಿಟ್ಟಿತ್ತು. ಅದರ ಹಿಂದಿನ ಗದ್ದೆಯಲ್ಲಿ ಭತ್ತ ಇಲ್ಲ, ತಲೆಗಿಂತ ಎತ್ತರ ಕಾಂಡ್ಲಾ. ಚೆಂದ ಕಾಣುತ್ತೆ. ಬೆಳ್ಳಕ್ಕಿ, ಕಿಂಗ್‌ಫಿಶರ್ ಎಲ್ಲ ಇವೆ. ಫೋಟೋ ತೆಗೆಯೋಕೆ ಹೋದೆ. "ಅದು ನಮ್ಮ ಅಣ್ಣನ ಗದ್ದೆ" ಅಂದರು ತೀವು. ಫೋನ್ ಕೆಳಗಿಳಿಸಿದೆ.

ಒಡ್ಡು ಒಡೆಯೋಕೆ ಕಾರಣ ಒಂದಲ್ಲ. ಹಿಂದೆ ಗಾಂವಕಾರಿ ಅಂತ ಊರಿನವರ ಕೂಟ ಇತ್ತು. ಭೂಮಿ ಅದರದ್ದು, ಒಡ್ಡು ಕಾಯೋ ಆಳೂ ಅದರದ್ದು. 1526ರಲ್ಲಿ ಪೋರ್ಚುಗೀಸರು ಅದರ ಕಟ್ಟಳೆಗಳನ್ನು ಬರೆಸಿಕೊಂಡರು, ಕಮ್ಯುನಿದಾದ್ ಅಂತ ಹೆಸರಿಟ್ಟರು. 1964ರ ಗೇಣಿ ಕಾನೂನು, ಆಮೇಲೆ 1976ರ ತಿದ್ದುಪಡಿ ಬಂದು ಉಳುವವನೇ ಒಡೆಯನಾದ. ನಮ್ಮಲ್ಲೂ 1974ರಲ್ಲಿ ಆಯ್ತಲ್ಲ. ನ್ಯಾಯವೇ. ಆದರೆ ನಮ್ಮಲ್ಲಿ ಹೊಲ ಹಂಚಿದರೆ ಹೊಲ ಹಂಚಿದ ಹಾಗೆ. ಇಲ್ಲಿ ಗದ್ದೆ ಹಂಚಬಹುದು, ಒಡ್ಡು ಹಂಚೋಕೆ ಬರೋದಿಲ್ಲ. ಅದನ್ನು ಗೇಣಿದಾರರ ಸಂಘಗಳಿಗೆ ಒಪ್ಪಿಸಿದರು. ಕೆಲವು ಕಡೆ ಸಂಘ ಗಟ್ಟಿ, ಕೆಲವು ಕಡೆ ಹೆಸರಿಗೆ ಮಾತ್ರ. ಮೀನಿನ ಹರಾಜು ಹಿಡಿದವನಿಗೆ ಉಪ್ಪು ನೀರು ಬೇಕು, ಅವನು ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಡುತ್ತಾನೆ. ಭತ್ತದವನಿಗೆ ಅದು ಮುಚ್ಚಿರಬೇಕು. ಒಂದು ಸಲ ಉಪ್ಪು ನುಗ್ಗಿದರೆ ಗದ್ದೆ ಪಡ ಬೀಳುತ್ತೆ, ಕಾಂಡ್ಲಾ ಬರುತ್ತೆ. ಬಂದ ಮೇಲೆ ಅದನ್ನು ಕಡಿಯೋ ಹಾಗಿಲ್ಲ, ಕಾನೂನಿನ ರಕ್ಷಣೆ ಇದೆ. 2011ರ ಕರಾವಳಿ ನಿಯಂತ್ರಣ ಅಧಿಸೂಚನೆ ಖಾಜನವನ್ನೂ ಕಾಪಾಡಿ ಅನ್ನುತ್ತೆ, ಕಾಂಡ್ಲಾವನ್ನೂ ಕಾಪಾಡಿ ಅನ್ನುತ್ತೆ. ಇಬ್ಬರೂ ಒಂದೇ ಗದ್ದೆಯಲ್ಲಿ ನಿಂತಾಗ ಏನು ಮಾಡಬೇಕು ಅಂತ ತೀವು ನನ್ನನ್ನೇ ಕೇಳಿದರು, ಮೇಷ್ಟ್ರು ಅಂತ.

ಕಾಂಡ್ಲಾ ವೈರಿಯೂ ಅಲ್ಲ. ಒಡ್ಡಿನ ಹೊರಗೆ ಬೆಳೆದರೆ ಅಲೆ ತಡೆಯುತ್ತೆ. ಅದಿರಿನ ಬಾರ್ಜುಗಳು ಓಡಾಡೋ ಕಾಲದಲ್ಲಿ ಅವು ಎಬ್ಬಿಸಿದ ಅಲೆಗೆ ಒಡ್ಡುಗಳು ಸವೆದು ಹೋಗಿದ್ದವು. 2012ರಲ್ಲಿ ಗಣಿ ನಿಂತಾಗ ತೀವುಗೆ ಒಡ್ಡು ಉಳೀತಲ್ಲ ಅನ್ನಿಸಿತು. ಮಾವನ ಓಣಿಯಲ್ಲಿ ನಾಲ್ಕು ಮನೆ ಖಾಲಿಯಾದವು, ಅದಿರಿನ ಲಾರಿ ಓಡಿಸೋರು ನಮ್ಮ ಕಡೆಯವರೇ ಇದ್ದರು. ಒಂದೇ ಒಡ್ಡಿನ ಮೇಲೆ ಕೂತು ಇಬ್ಬರೂ ಇದನ್ನು ಹೇಳಿದರು, ಜಗಳ ಆಡಲಿಲ್ಲ.

ಜಗಳ ಆಗಬೇಕಿದ್ದು ನನ್ನ ಜೊತೆ. ಊರು ಕೇಳಿದರು, ಹೇಳಿದೆ. ತೀವು ಮಾವನ ಮುಖ ನೋಡಿದರು. "ಮ್ಹಾದಯಿ ಕೇಳೋರು ಇವರೇ?" ಅವರಿಗೆ ಅದು ತಾಯಿ. ನಾನು ಸುಮ್ಮನಿರಬೇಕಿತ್ತು. ಬಾಯಿಗೆ ಪಾಠ ಬಂದುಬಿಟ್ಟಿತು: "ಸಮುದ್ರಕ್ಕೆ ಸುಮ್ನೆ ಹೋಗೋ ನೀರಲ್ವಾ..."

ಮಾವ ಅದನ್ನು ಕೊಂಕಣಿಗೆ ಹೇಳಲಿಲ್ಲ. ತೀವುಗೆ ಅರ್ಥವಾಗಿತ್ತು. ಅವರು ಸಿಟ್ಟಾಗಲಿಲ್ಲ. ಗದ್ದೆಯ ಮಣ್ಣು ಒಂದು ಹೆಂಟೆ ಎತ್ತಿಕೊಟ್ಟು ನೆಕ್ಕು ಅಂದರು. ನೆಕ್ಕಿದೆ. ಉಪ್ಪು. ಬೇಸಿಗೆಯಲ್ಲಿ ಈ ಮಣ್ಣನ್ನು ಗುಡ್ಡೆ ಮಾಡಿಡ್ತಾರಂತೆ. ಜೂನ್ ಮಳೆ ಬಿದ್ದು ಗುಡ್ಡೆಯ ಉಪ್ಪು ತೊಳೆದು, ಮಾನಸ್ ದಾಟಿ ಹೊರಗೆ ಹೋಗಬೇಕು. ಹೊರಗೆ ನದಿ ತುಂಬಿ ಹರೀತಾ ಇರಬೇಕು. ಆಗ ನದಿಯ ಸಿಹಿ ನೀರು ಸಮುದ್ರವನ್ನು ಹಿಂದೆ ತಳ್ಳುತ್ತೆ, ಇಲ್ಲಿವರೆಗೂ ನೀರು ಸಪ್ಪೆಯಾಗುತ್ತೆ. ಆ ನಾಲ್ಕು ತಿಂಗಳಲ್ಲೇ ಬಿತ್ತನೆ, ಅಷ್ಟರಲ್ಲೇ ತೆನೆ. ಅವರ ಮಾತನ್ನು ಮಾವ ಹೀಗೆ ಹೇಳಿದ: "ನೀರು ಸಮುದ್ರಕ್ಕ ಖಾಲಿ ಕೈಲೆ ಹೋಗೂದಿಲ್ಲಂತ. ಉಪ್ಪು ಹೊತ್ಕೊಂಡ ಹೋಗತೈತಂತ."

ನಾನು ಲೆಕ್ಕ ತೆಗೆದೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನೀರು ಹಂಚಿದ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ, ಗೋವಾಕ್ಕೆ 24. ನಮ್ಮ ಪಾಲಿನಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ ಮಲಪ್ರಭಾಕ್ಕೆ ತಿರುಗೋದು, ಅದೂ ಕುಡಿಯೋಕೆ. ಸುಮಾರು 3000 ಮಿ.ಮೀ. ಮಳೆ ಬೀಳೋ ನಾಡಿಗೆ ಇದು ದೊಡ್ಡದಲ್ಲ ಅಂತ ಆಗಲೂ ಹೇಳಿದೆ, ಈಗಲೂ ಹೇಳ್ತೀನಿ. ತೀವು ಅಣ್ಣನ ಗದ್ದೆ ಹೋಗಿದ್ದು ನಮ್ಮಿಂದಲ್ಲ, ಬಾಗಿಲಿಗೆ ಕಲ್ಲು ಕೊಟ್ಟವರಿಂದ. ತೀವು ತಲೆಯಾಡಿಸಿದರು, ಆಮೇಲೆ ಕೇಳಿದರು: "ಬೇಸಿಗೆಯಲ್ಲಿ?" ಬೇಸಿಗೆಯ ಲೆಕ್ಕ ನನ್ನ ಹತ್ತಿರ ಇರಲಿಲ್ಲ. ಮಕ್ಕಳಿಗೆ ಹೇಳೋ ಆ ಒಂದು ವಾಕ್ಯದಲ್ಲಿ "ಸುಮ್ನೆ" ಅನ್ನೋ ಪದ ಮಾತ್ರ ನಾಲಿಗೆಯ ಮೇಲೆ ಮಣ್ಣಿನ ಹಾಗೆ ಉಳಿದುಬಿಟ್ಟಿತು.

ನಾಲ್ಕನೇ ದಿನ

ಬೆಳಿಗ್ಗೆ ಕರಮಳಿ ಕೆರೆ ನೋಡಿದೆವು. ಊರವರು ಕಟ್ಟಿಕೊಂಡ ಸಿಹಿ ನೀರಿನ ಕೆರೆ, ಸುತ್ತ ವಾಯಂಗಣ, ಅಂದ್ರೆ ಬೇಸಿಗೆ ಬೆಳೆಯ ಭತ್ತದ ಹಸಿರು. ಮಾವನಿಗೆ ಕೆಲಸಕ್ಕೆ ಕರೆ ಬಂತು, ಅರ್ಧ ಗಂಟೆಯಲ್ಲಿ ಹೊರಟೆವು. ಬಾತುಗಳು ಸಿಳ್ಳೆ ಹೊಡೆಯೋದು ಕೇಳಿದ್ದಷ್ಟೇ ಲಾಭ.

ಮಧ್ಯಾಹ್ನ ಬಸ್ಸು. ಅಕ್ಕ ಅವ್ವನಿಗೆ ಅಂತ ಮುರುಗಲ ಸಿಪ್ಪೆ, ಗೋಡಂಬಿ ಕಟ್ಟಿಕೊಟ್ಟಳು. ಫೋಂಡಾ ಆದಮೇಲೆ ಖಾಂಡೇಪಾರ ಸೇತುವೆ ಬಂತು. ಮೊದಲ ದಿನ ಬಂಡೆಯ ಮೇಲೆ ನೋಡಿದ ನಾಲ್ಕು ಗೆರೆ ಇಲ್ಲಿ ನದಿಯಾಗಿ ಹರೀತಿತ್ತು. ಓಪಾದಲ್ಲಿ ಇದನ್ನೇ ಎತ್ತಿ ಪಣಜಿಗೆ ಕುಡಿಯೋಕೆ ಕೊಡ್ತಾರೆ. ಮೊಲೆಂ, ಅನಮೋಡ ಘಾಟ್, ರಾಮನಗರ, ಅಳ್ನಾವರ. ಧಾರವಾಡದಲ್ಲಿ ಚಹಾ. ಊರು ಮುಟ್ಟಿದಾಗ ಹನ್ನೆರಡು ಹೊಡೆದಿತ್ತು.

ಮಲಗಿ ಎರಡು ಗಂಟೆ ಆಗಿರಲಿಲ್ಲ, ಓಣಿಯಲ್ಲಿ ಕೊಡಗಳ ಸದ್ದು. ಒಂಬತ್ತು ದಿನದ ಮೇಲೆ ನಳ ಬಂದಿತ್ತು. ಅವ್ವ ಆಗಲೇ ಪೈಪ್ ಹಚ್ಚಿ ಸಿಂಟೆಕ್ಸ್ ತುಂಬಿಸ್ತಿದ್ದಳು. ನಾನು ಬ್ಯಾರಲ್ ಉರುಳಿಸಿಕೊಂಡು ಹೊರಗೆ ಬಂದೆ. ಎದುರು ಮನೆ ಕಾಕಾ ಲುಂಗಿ ಎತ್ತಿ ಕಟ್ಟಿ ನಿಂತಿದ್ದರು. ಬೆಳದಿಂಗಳು ಇನ್ನೂ ಇತ್ತು. ಮಾನಸ್ ಬಾಗಿಲು ತೆರೆದಿದ್ದೂ ಇದೇ ಹೊತ್ತಿಗೆ.

"ಏನೋ, ಗೋವಾಕ್ಕ ಹೋಗಿದ್ಯಂತ? ಮಹದಾಯಿ ನೋಡಿದ್ಯಾ? ನೀರ ಐತೇನ?"

"ಐತಿ ಕಾಕಾ. ಉಪ್ಪು."

"ಉಪ್ಪ?"

ಒಡ್ಡು, ಬಾಗಿಲು, ಹೆಂಟೆ ಎಲ್ಲ ಹೇಳಬೇಕು ಅಂತ ಶುರು ಮಾಡಿದೆ. ಎರಡು ಕೈ ಜೋಡಿಸಿ ಬಾಗಿಲು ಹೇಗೆ ಮುಚ್ಚುತ್ತೆ ಅಂತ ತೋರಿಸ್ತಾ ಇದ್ದೆ. ಕಾಕಾ ನನ್ನ ಕೈ ನೋಡಲಿಲ್ಲ.

"ಅದನ್ನ ಆಮ್ಯಾಲೆ ಹೇಳಂತಿ. ನಿನ್ನ ಬ್ಯಾರಲ್ ತುಂಬಿ ಹೊರಗ ಹರಿಯಾಕತ್ತೈತಿ ನೋಡು ಮೊದ್ಲ."